ಓಬಳಮ್ಮ ಎಂಬ ನನ್ನ ದಾಖಲೆ

ನನ್ನ ದಾಖಲೆಯ ಹೆಸರು ಓಬಳಮ್ಮ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಬೆಳಗಾದರೆ ಕಾದ ಮರಳಿನ ಮುಂದೆ ನಿಂತು ಅಕ್ಕಿ ಹುರಿಯೋದು, ಮಧ್ಯಾಹ್ನವಾದರೆ ಭಟ್ಟಿಯ ಗೋಡೆಗೆ ಒರಗಿ ಎಲೆಯಡಿಕೆ ಹಾಕೋದು. ಹೊರಗಿನವರ ಮುಂದೆ ಈ ಮಾತು ಹೇಳಿದರೆ ನಗ್ತಾರೆ. ದಾಖಲೆ ಅಂದರೆ ಫೈಲು, ಕಪಾಟು, ಕೆಂಪು ದಾರ ಅಂತ ಅವರ ತಲೆಯಲ್ಲಿರುತ್ತೆ. ನಮ್ಮೂರಲ್ಲಿ ಹಾಗಲ್ಲ. ಹದಿನಾರು ತುಂಬದ ಮಕ್ಕಳು ತಪ್ಪು ಮಾಡಿ ಸಿಕ್ಕಿಬಿದ್ದರೆ ವಿಚಾರಣೆ ಒಂದೇ ದಿನ. ಕಂಡವರು, ಕೇಳಿದವರು, ಪೆಟ್ಟು ತಿಂದವರು, ಔಷಧಿ ಕೊಟ್ಟ ಡಾಕ್ಟರು, ಎಲ್ಲರೂ ಬಂದು ಒಬ್ಬರ ಮುಂದೆ ಕೂತು ಇದ್ದದ್ದನ್ನೆಲ್ಲ ಹೇಳ್ತಾರೆ. ಆ ಒಬ್ಬರನ್ನು ಚೀಟಿ ಎತ್ತಿ ಆರಿಸಿರ್ತಾರೆ. ಮಾರನೆಯ ದಿನ ಬೆಳಿಗ್ಗೆ ಏಳುವ ಹೊತ್ತಿಗೆ ಊರಿಗೆ ಊರೇ ಅದನ್ನು ಮರೆತಿರುತ್ತೆ. ಪೆಟ್ಟು ತಿಂದವರೂ ಮರೆತಿರ್ತಾರೆ. ಉಳಿಯೋದು ಆ ಒಬ್ಬರ ತಲೆಯಲ್ಲಿ ಮಾತ್ರ. ಅವರೇ ದಾಖಲೆ.

ಮಾಡಿದವನಿಗೆ? ಅವನಿಗೆ ಮಾಡಿದ್ದಷ್ಟೇ ಉಳಿಯುತ್ತೆ. ಕೈಯಿಂದ ಏನು ಹೋಯಿತೋ ಅಷ್ಟು. ಆಮೇಲಿನದ್ದು ಪೂರ್ತಿ ದಾಖಲೆಯ ಪಾಲು.

ಇದಕ್ಕೆ ನಾವೆಲ್ಲ ಒಗ್ಗಿಹೋಗಿದ್ದೇವೆ ಬಿಡಿ. ನಮ್ಮ ಮೇಷ್ಟ್ರೊಬ್ಬರು 'ನಮ್ಮ ದಾಖಲೆಗೆ ಜ್ವರ ಬಂದಿರುವುದರಿಂದ' ಅಂತ ರಜಾ ಅರ್ಜಿ ಬರೀತಿದ್ದರು. ಸಾಮಿಲ್ಲಿನ ಸಾಹುಕಾರರ ದಾಖಲೆ ಒಬ್ಬ ಕ್ಷೌರಿಕ. ಸಾಹುಕಾರರು ಊರೆಲ್ಲ ಗದರಿಸೋರು, ಅವನ ಮುಂದೆ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತಾಗ ಮಾತ್ರ ಬೆಕ್ಕಿನ ಮರಿ. ಮದುವೆಮನೆಯಲ್ಲಿ ದಾಖಲೆಯವರಿಗೆ ಮೊದಲ ಪಂಕ್ತಿ. ಯಾರಿಗೆ ದಾಖಲೆ ಇದೆ ಅಂತ ಎಲ್ಲರಿಗೂ ಗೊತ್ತಿರುತ್ತೆ, ಯಾತಕ್ಕೆ ಅಂತ ಯಾರೂ ಕೇಳೋದಿಲ್ಲ, ಕೇಳಿದರೆ ಅಸಹ್ಯ. ಹಾಗೇ ಯಾರ ಹಣೆಯ ಮೇಲಾದರೂ ಹೊಲಿಗೆ ಗುರುತಿದ್ದು ಅದು ಹೇಗಾಯಿತು ಅಂತ ಅವರಿಗೇ ಗೊತ್ತಿಲ್ಲದಿದ್ದರೆ 'ಮರೆತ ಗಾಯ' ಅಂತೀವಿ. ಅಂದರೆ ಯಾವುದೋ ಮಗುವಿನ ಕೈ. ಹೋಗಲಿ ಅಂತ ಬಿಟ್ಟುಬಿಡ್ತೀವಿ.

ನನ್ನ ಕೈಯಿಂದ ಹೋದದ್ದು ಒಂದು ಲಾರಿ ಟೈರು.

ಆಗ ನನಗೆ ಹದಿಮೂರು. ನಮ್ಮೂರು ಗುಡ್ಡಕ್ಕೆ ಅಂಟಿಕೊಂಡ ಊರು. ಮೇಲಿನ ಪೇಟೆಯಿಂದ ಕೆಳಗಿನ ಪೇಟೆಗೆ ಜಾರುಬೀದಿ ಅಂತ ಒಂದು ಇಳಿಜಾರು ಬೀದಿ. ಅದರ ನೆತ್ತಿಯ ಮೇಲೆ ನಮ್ಮ ಸೋದರಮಾವನ ಪಂಕ್ಚರ್ ಅಂಗಡಿ. ಸ್ಕೂಲು ಬಿಟ್ಟ ಮೇಲೆ ನಾವು ನಾಲ್ಕು ಜನ ಹಳೇ ಟೈರುಗಳನ್ನು ಅಲ್ಲಿಂದ ಉರುಳಿಸಿ ಯಾರದ್ದು ದೂರ ಹೋಗುತ್ತೆ ಅಂತ ಪಂಥ ಕಟ್ತಿದ್ದೆವು. ಬೈಸಿಕೊಂಡಿದ್ದೂ ಆಗಿತ್ತು, ಒದೆ ತಿಂದಿದ್ದೂ ಆಗಿತ್ತು. ಅವತ್ತು ನನ್ನ ಸರದಿ. ದೊಡ್ಡ ಟೈರು, ನನ್ನ ಎದೆಮಟ್ಟ ಬರ್ತಿತ್ತು. ಕೆಳಗೆ ತಿರುವಿನಲ್ಲಿ ಟಪಾಲಿನ ಜಂಬಣ್ಣ ಚೀಲ ಕೆಳಗಿಟ್ಟು ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ತಾ ಬಗ್ಗಿದ್ದ. ನೋಡಿದೆ. ನೋಡಿಯೂ ಬಿಟ್ಟೆ. ಹಾರಿಕೊಳ್ತಾನೆ, ಮಜಾ ಇರುತ್ತೆ ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಮಜಾ ಇರುತ್ತೆ ಅಂತಲೇ ಅಂದುಕೊಂಡೆ. ಟೈರು ಕೈ ಬಿಟ್ಟದ್ದು, ಯಾರೋ 'ಏಯ್' ಅಂತ ಕೂಗಿದ್ದು, ಜಂಬಣ್ಣ ತಲೆ ಎತ್ತಿದ್ದು. ಅಲ್ಲಿಗೆ ಖಲಾಸ್. ಅದರ ಮುಂದೆ ನನಗೆ ಒಂದು ಕೂದಲೆಳೆಯಷ್ಟೂ ನೆನಪಿಲ್ಲ.

ಎರಡು ವರ್ಷ ಹುಡುಗರ ಮಂದಿರದಲ್ಲಿಟ್ಟರು. ಅಲ್ಲಿಯ ವಾರ್ಡನ್ನಿಗೂ ನಾನು ಯಾಕೆ ಬಂದೆ ಅಂತ ಗೊತ್ತಿರಲಿಲ್ಲ. "ಏನೋ ಮಾಡಿರ್ತೀಯ, ಆಗಿದ್ದು ಆಗಿಹೋಯ್ತು, ಗಣಿತ ಓದು," ಅಂತಿದ್ದರು. ಗಣಿತ ಓದಿದೆ.

ವಾಪಸ್ ಬಂದಾಗ ಜಂಬಣ್ಣನ ಎಡಗಾಲು ಮೊಣಕಾಲಿನ ಕೆಳಗೆ ಸೊಟ್ಟಗಾಗಿ ಸೊರಗಿಹೋಗಿತ್ತು. ಜಾರುಬೀದಿ ಹತ್ತೋಕೆ ಆಗದ ಮೇಲೆ ಟಪಾಲಿನ ಕೆಲಸ ತಾನೇ ಬಿಟ್ಟು, ಪೊಲೀಸ್ ಠಾಣೆಯ ಎದುರಿನ ಬೇವಿನ ಮರದ ಕೆಳಗೆ ಒಂದು ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡ್ತಿದ್ದ. ಅಕ್ಷರ ಅಂದರೆ ಅಕ್ಷರ, ದುಂಡಗೆ, ಮುತ್ತು ಪೋಣಿಸಿದ ಹಾಗೆ. ನನ್ನನ್ನು ಕಂಡರೆ "ಏನಪ್ಪಾ ಹೊನ್ನೂರ, ಉಂಡೆಯಾ?" ಅಂತ ಕೂಗೋನು. ನಾನು ಆಚೆ ಬದಿಯಿಂದ ಹೋದರೂ ಬಿಡೋನಲ್ಲ. ಒಂದು ಸಲ ಧೈರ್ಯ ಮಾಡಿ ಕಾಲಿಗೇನಾಯ್ತು ಅಂತ ಕೇಳಿದೆ. ಊರುಗೋಲಿನಿಂದ ಕಾಲಿಗೆ ತಟ್ಟಿ, "ಮರೆತ ಗಾಯ ಕಣೋ. ಯಾವ ಹುಡುಗಂದೋ. ಎಲ್ಲಿದ್ರೂ ಚೆನ್ನಾಗಿರಲಿ," ಅಂದ. ಅವತ್ತು ಮನೆಗೆ ಹೋಗಿ ಉಣ್ಣಲಿಲ್ಲ. ಅವ್ವ ಹೊಟ್ಟೆನೋವು ಅಂದುಕೊಂಡು ಓಮಿನ ಕಾಳು ಕೊಟ್ಟಳು.

ಓಬಳಮ್ಮನ ಹತ್ತಿರ ನನ್ನನ್ನು ಮೊದಲು ಕರೆದುಕೊಂಡು ಹೋದವಳೂ ಅವ್ವನೇ. ಮಂದಿರದಿಂದ ಬಂದ ವಾರಕ್ಕೆ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಭಟ್ಟಿಗೆ ಹೋದೆವು. ನಾನು ತಲೆ ಬಗ್ಗಿಸಿ ನಿಂತಿದ್ದೆ. ಓಬಳಮ್ಮ ಮರಳು ಅಂಟಿದ ಕೈಯಿಂದ ನನ್ನ ಗಲ್ಲ ಎತ್ತಿ, "ಓಹೋ, ಇವನೇನಾ ನಮ್ಮ ಸಾಮಾನು? ಎಷ್ಟು ಉದ್ದ ಆಗಿದ್ದಾನೆ," ಅಂದಳು. ಸೆರಗಿಗೆ ಒರಸಿದ ಸೇರಿನಿಂದ ಬಿಸಿ ಮಂಡಕ್ಕಿ ಮೊಗೆದು ನನ್ನ ಅಂಗಿಯ ಮಡಿಲಿಗೆ ಸುರಿದಳು. ಆಮೇಲೆ ಹಬ್ಬ ಹುಣ್ಣಿಮೆಗೆ ಹೋಗ್ತಿದ್ದೆ. ಭಟ್ಟಿಗೆ ಸೌದೆ ಒಡೆದು ಕೊಡ್ತಿದ್ದೆ. ಅವಳಿಗೆ ಮಕ್ಕಳಿರಲಿಲ್ಲ. ನನ್ನನ್ನು ಬೈಯುವುದು, ನನಗೆ ಎಣ್ಣೆ ಹಚ್ಚುವುದು, ಎರಡೂ ಅವಳಿಗೆ ಇಷ್ಟ.

ಹದಿನೆಂಟು ತುಂಬಿದ ಮೇಲೆ ನಮ್ಮಲ್ಲಿ 'ಕೇಳಿಸಿಕೊಳ್ಳೋದು' ಅಂತ ಒಂದಿದೆ. ತಲೆಗೆ ನೀರು ಹಾಕಿಕೊಂಡು, ಒಗೆದ ಬಟ್ಟೆ ಹಾಕಿಕೊಂಡು ದಾಖಲೆಯ ಮುಂದೆ ಹೋಗಿ ಕೂರೋದು. ಅವರು ಮೊದಲಿಂದ ಕೊನೆವರೆಗೂ ಹೇಳ್ತಾರೆ, ಯಾರು ಏನಂದರು, ಯಾರು ಅತ್ತರು, ನೀನು ಏನು ಮಾಡಿದೆ, ಎಲ್ಲ. ಕೇಳಿ ಬಂದವನ ನೆನಪಿನಿಂದ ಅದು ಮತ್ತೆ ಹೋಗೋದಿಲ್ಲ. ಬಹಳ ಜನ ಹದಿನೆಂಟು ತುಂಬಿದ ದಿನವೇ ಹೋಗ್ತಾರೆ. ನನ್ನ ವಾರಿಗೆಯವನೊಬ್ಬ ಕೇಳಿ ಬಂದು ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿನ ಎದ್ದು ಯಾರದ್ದೋ ಮನೆಗೆ ಹೋಗಿ ಕಾಲು ಹಿಡಿದು ಬಂದ. ಆಮೇಲೆ ಎಂಥ ನಿದ್ದೆ ಮಾಡ್ತಿದ್ದ ಅಂತೀರಿ!

ನಾನು ಕೇಳಿಸಿಕೊಳ್ಳಲಿಲ್ಲ. ಭಟ್ಟಿಗೆ ಹೋಗ್ತಿದ್ದೆ, ಮಂಡಕ್ಕಿ ತಿಂದು ಬರ್ತಿದ್ದೆ. "ಯಾವಾಗ ಕೇಳಿಸ್ಕೊಳ್ತೀಯೋ?" ಅಂತ ಓಬಳಮ್ಮ ಅಂದರೆ, ಮುಂದಿನ ವಾರ. ಮುಂದಿನ ವಾರ ಪರೀಕ್ಷೆ. ಅದರ ಮುಂದಿನ ವಾರ ಅಮಾವಾಸ್ಯೆ. "ನಾನೇನು ಹುಲಿಯೇನೋ, ತಿಂದುಬಿಡ್ತೀನಾ?" ಅಂತ ನಗ್ತಿದ್ದಳು. ನೋಡಿಯೂ ಬಿಟ್ಟವನು ಆಮೇಲೆ ಏನು ಮಾಡಿರ್ತಾನೆ? ಓಡಿಹೋಗಿರ್ತಾನೆ. ಜಂಬಣ್ಣ ಅಲ್ಲಿ ಒದ್ದಾಡ್ತಿದ್ದರೆ ಇವನು ಅಂಗಡಿಯ ಟೈರುಗಳ ಹಿಂದೆ ಬಚ್ಚಿಟ್ಟುಕೊಂಡಿರ್ತಾನೆ, ಅಥವಾ ನಕ್ಕಿರ್ತಾನೆ. ನನ್ನ ಲೆಕ್ಕದಲ್ಲಿ ಅದು ಆಗಲೇ ತೀರ್ಮಾನವಾಗಿಹೋಗಿತ್ತು. ಅದನ್ನು ಇನ್ನೊಬ್ಬರ ಬಾಯಿಂದ ಕೇಳುವ ಎದೆ ನನಗಿರಲಿಲ್ಲ.

ಇಂಥವನಿಗೆ ಪೊಲೀಸ್ ಆಗುವ ಹುಚ್ಚು ಯಾಕೆ ಹಿಡೀತು ಅಂತ ಕೇಳಬೇಡಿ, ಕೇಳಿದರೂ ಒಂದೇ ಉತ್ತರ. ಜಾರುಬೀದಿಯ ನೆತ್ತಿಯ ಮೇಲೆ ಲಾಠಿ ಹಿಡಿದು ನಿಲ್ಲಬೇಕು, ಇನ್ನೊಬ್ಬ ಹುಡುಗ ಟೈರು ತರದ ಹಾಗೆ ನೋಡಿಕೊಳ್ಳಬೇಕು. ಬೇರೆ ಯಾವ ಕೆಲಸವೂ ನನ್ನ ಕಣ್ಣಿಗೆ ಕೆಲಸದ ಹಾಗೆ ಕಾಣ್ತಿರಲಿಲ್ಲ. ಇಪ್ಪತ್ನಾಲ್ಕಕ್ಕೆ ಅರ್ಜಿ ಹಾಕಿದೆ. ಓಟದಲ್ಲಿ ಎರಡನೆಯವನಾಗಿ ಬಂದೆ, ಎದೆ ಸುತ್ತಳತೆ ಸರಿಯಾಯಿತು, ಲಿಖಿತ ಪರೀಕ್ಷೆಯೂ ಪಾಸು. ಕೊನೆಗೆ ಕಾಗದ ಬಂತು. ಬರುವ ಸೋಮವಾರ ಆಯ್ಕೆ ಮಂಡಳಿಯ ಮುಂದೆ ದಾಖಲೆಯೊಂದಿಗೆ ಹಾಜರಾಗತಕ್ಕದ್ದು. ಮಂಡಳಿಯವರು ದಾಖಲೆಯ ಮಾತು ಕೇಳಿ, ಆಗಬಹುದು ಅಥವಾ ಆಗದು ಅಂತ ಬರೆದು, ಮಾರನೆಯ ದಿನ ಮರೆತುಬಿಡ್ತಾರೆ. ಪದ್ಧತಿ ಅದು.

ಓಬಳಮ್ಮನ ಸಡಗರ ನೋಡಬೇಕಿತ್ತು. ಪೆಟ್ಟಿಗೆಯ ತಳದಿಂದ ಕೆಂಪಂಚಿನ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. "ಅಲ್ಲಿ ಕುರ್ಚಿ ಕೊಡ್ತಾರೇನೋ, ನೆಲದ ಮೇಲೇನಾ? ನನಗೆ ಮಂಡಿ ಹಿಡಿದುಬಿಡುತ್ತೆ. ಸಾಹೇಬರಿಗೆ ಮಂಡಕ್ಕಿ ತಗೊಂಡು ಹೋಗ್ಲಾ?" ಅಂತ ದಿನಕ್ಕೊಂದು ಪ್ರಶ್ನೆ. ಆಮೇಲೆ ದನಿ ಇಳಿಸಿ, "ಮೊದ್ಲು ನೀನು ಕೇಳಿಸ್ಕೊಂಡ್ಬಿಡೋ. ನಿನ್ನ ಮಾತು ನಿನಗೇ ಗೊತ್ತಿಲ್ದೆ ಅವರ ಮುಂದೆ ನಿಂತ್ಕೊಳ್ಳೋದು ಚೆನ್ನಾಗಿರಲ್ಲ," ಅಂದಳು. ನಾಳೆ ಅಂದೆ. ನಾಳೆಯೂ ನಾಳೆ ಅಂದೆ.

ಶುಕ್ರವಾರ ಯಾರೋ ಒಂದು ದಾರಿ ಹೇಳಿದರು. ದಾಖಲೆಗೆ ಅರವತ್ತು ದಾಟಿದ್ದರೆ ಬಿಡುಗಡೆ ಕೊಡಿಸಬಹುದು. ಮಾಡಿದವನು ಅರ್ಜಿ ಹಾಕಬೇಕು, ದಾಖಲೆ ಹೆಬ್ಬೆಟ್ಟು ಒತ್ತಬೇಕು. ಮಾರನೆಯ ದಿನ ಅವರೂ ಮರೆತಿರ್ತಾರೆ, ಮಂಡಳಿಯ ಮುಂದೆ ಹೇಳೋಕೆ ಯಾರೂ ಇರೋದಿಲ್ಲ. ವಯಸ್ಸಾದ ಜೀವಕ್ಕೆ ಭಾರ ಇಳಿಯಲಿ ಅಂತ ಯಾರೋ ಪುಣ್ಯಾತ್ಮರು ಮಾಡಿದ ಕಾನೂನು. ಓಬಳಮ್ಮನಿಗೆ ಆಗ ಅರವತ್ತೊಂದು. ನನಗೆ ಮೈಯಲ್ಲಿ ಜೀವ ಬಂದ ಹಾಗಾಯಿತು. ಥೂ, ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತೆ.

ಅರ್ಜಿ ಬರೆಸೋಕೆ ಊರಲ್ಲಿ ಇದ್ದವನು ಒಬ್ಬನೇ. ಬೇವಿನ ಮರದ ಕೆಳಗೆ ಜಂಬಣ್ಣನ ಮುಂದೆ ಕೂತೆ. ಬಿಡುಗಡೆ ಅರ್ಜಿಯಲ್ಲಿ ತಪ್ಪು ಏನು ಅಂತ ಬರೆಯುವ ಹಾಗಿಲ್ಲ, ಹೆಸರುಗಳು ಮಾತ್ರ. ಅವನು ಕಾಲು ನೀಡಿಕೊಂಡು, ಆ ಸೊಟ್ಟ ಕಾಲಿನ ಮೇಲೆ ಹಲಗೆ ಇಟ್ಟುಕೊಂಡು, ದುಂಡಗೆ ಬರೆದ. "ಒಳ್ಳೇ ಬುದ್ಧಿ ಬಂದಿದೆ ಕಣೋ ನಿನಗೆ. ಪಾಪ, ಎಷ್ಟು ವರ್ಷ ಅಂತ ಹೊರುತ್ತೆ ಆ ಮುದುಕಿ," ಅಂದ. ಶಾಯಿ ಆರಲಿ ಅಂತ ಕಾಗದವನ್ನು ಊದಿ ನನ್ನ ಕೈಗೆ ಕೊಟ್ಟ. ಮಡಚಿ ಜೇಬಿಗಿಡೋಕೆ ಹೋಗಿ ಕೆಳಗೆ ಬೀಳಿಸಿದೆ. ಪೊಲೀಸ್ ಆಗೋನಿಗೆ ಒಂದು ಕಾಗದ ಹಿಡಿಯೋಕಾಗದಿದ್ದರೆ ಹೇಗೆ ಅಂತ ತಮಾಷೆ ಮಾಡಿದ.

ಭಟ್ಟಿಗೆ ಹೋದಾಗ ಓಬಳಮ್ಮ ಕೆಲಸ ಮುಗಿಸಿ ಕಾಲು ಚಾಚಿ ಕೂತಿದ್ದಳು. ಸ್ನಾನ ಮಾಡಿ ಒಗೆದ ಅಂಗಿ ಹಾಕಿಕೊಂಡು ಬಂದವನನ್ನು ನೋಡಿ ಮುಖ ಅರಳಿತು. "ಬಾ ಬಾ, ಕೂತ್ಕೋ, ಬಾಗಿಲು ಮುಂದಕ್ಕೆ ಹಾಕ್ತೀನಿ," ಅಂತ ಎದ್ದಳು. ನಾನು ಕಾಗದ ಮುಂದೆ ಹಿಡಿದೆ. ಅವಳಿಗೆ ಓದೋಕೆ ಬರ್ತಿರಲಿಲ್ಲ, ಆದರೆ ಠಾಣೆಯ ಮೊಹರಿನ ಆ ಕಾಗದ ಏನು ಅಂತ ನಮ್ಮೂರಲ್ಲಿ ಗೊತ್ತಿಲ್ಲದವರಿಲ್ಲ.

"ಕೇಳಿಸ್ಕೊಳ್ಳೋಕೆ ಬಂದಿದ್ದೀಯ ಅಂದ್ಕೊಂಡೆ," ಅಂದಳು.

"ನಿನಗೂ ವಯಸ್ಸಾಯ್ತಲ್ಲ ಅಜ್ಜಿ. ಸುಮ್ನೆ ಯಾಕೆ ಭಾರ?"

"ನನಗೆ ಭಾರ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?" ಕಾಗದ ಇಸಕೊಂಡಳು. "ಆಯ್ತು. ಒತ್ತುತೀನಿ. ಅದಕ್ಕೆ ಮುಂಚೆ ಹೇಳಿಬಿಡ್ತೀನಿ, ಕೂತ್ಕೋ. ಒಂದು ಗಂಟೆ ಸಾಕು."

"ಬೇಡ. ನಾನೇನು ಮಾಡ್ದೆ ಅಂತ ನನಗೆ ಗೊತ್ತು."

"ನಿನಗೆ ಗೊತ್ತಿರೋದು ಅರ್ಧ ಕಣೋ."

"ಅರ್ಧಕ್ಕೇ ನನಗೆ ಸಾಕಾಗಿದೆ ಅಜ್ಜಿ. ಇನ್ನರ್ಧ ಬೇಡ. ಕೈ ಮುಗೀತೀನಿ, ಹೇಳಬೇಡ."

ನಾನು ನಿಜವಾಗಿ ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡೆ. ಇಪ್ಪತ್ನಾಲ್ಕು ವರ್ಷದ ಕತ್ತೆ, ಭಟ್ಟಿಯ ಬೂದಿಯಲ್ಲಿ ಮಂಡಿಯೂರಿ ಕಿವಿ ಮುಚ್ಚಿಕೊಂಡೆ. ಅವಳು ನನ್ನನ್ನೇ ನೋಡಿದಳು. ಕಣ್ಣು ತುಂಬಿ ಬಂದವು, ಒರಸಿಕೊಳ್ಳಲಿಲ್ಲ. "ಹನ್ನೊಂದು ವರ್ಷ ಇಟ್ಕೊಂಡಿದ್ದೆ, ನಿನ್ನ ಕೈಗೇ ಕೊಡೋಣ ಅಂತ," ಅಂದಳು. ಬೆರಳುಗಳ ಸಂದಿನಲ್ಲಿ ಅಷ್ಟು ಕೇಳಿಸಿತು. ಆಮೇಲೆ ಮಸಿ ಮೆತ್ತಿದ ಹೆಬ್ಬೆಟ್ಟು ಕಾಗದದ ಮೇಲೆ ಊರಿದಳು. ಹೊರಡುವಾಗ ಯಾವಾಗಲೂ ಕೊಡುವ ಹಾಗೆ ಮಂಡಕ್ಕಿ ಕೊಟ್ಟಳು. ತಗೊಂಡು ಬಂದೆ. ದಾರಿಯಲ್ಲಿ ತಿಂದೆ ಕೂಡ.

ಸೋಮವಾರ ಮಂಡಳಿಯ ಮುಂದೆ ಒಬ್ಬನೇ ನಿಂತೆ. ಅಧ್ಯಕ್ಷರಾಗಿದ್ದವರು ಬೆಳ್ಳಿಯಪ್ಪ ಅಂತ ನರೆಮೀಸೆಯ ಹಿರಿಯ ಅಧಿಕಾರಿ. ಖಾಲಿ ಕುರ್ಚಿ ನೋಡಿ, "ದಾಖಲೆ ಎಲ್ಲಿ?" ಅಂದರು. ಬಿಡುಗಡೆ ಆಗಿದೆ ಸಾರ್ ಅಂದೆ. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಕೇಳಿಸಿಕೊಂಡು ಬಿಡುಗಡೆ ಮಾಡಿದೆಯಾ, ಕೇಳದೆಯಾ?" ಅಂದರು. ಕಾಗದದಲ್ಲಿ ಎಲ್ಲ ಇದೆ ಸಾರ್ ಅಂದೆ. ಅವರಿಗೆ ಅರ್ಥವಾಯಿತು. "ದಾಖಲೆ ಇದ್ದವರನ್ನು ನಾವು ಹಾಗೇ ವಾಪಸ್ ಕಳಿಸ್ತೀವಿ ಅಂದ್ಕೊಂಡಿದ್ದೀರಲ್ಲ ನೀವೆಲ್ಲ. ಹೋದ ವರ್ಷ ಆರು ಜನ ದಾಖಲೆ ಕರ್ಕೊಂಡು ಬಂದ್ರು. ನಾಲ್ಕು ಜನರನ್ನ ತಗೊಂಡ್ವಿ. ಹೋಗಲಿ, ಕಾನೂನಿನ ಪ್ರಕಾರ ನಿನ್ನ ಮೇಲೆ ಏನೂ ಇಲ್ಲ," ಅಂತ ಹೇಳಿ 'ಆಗಬಹುದು' ಅಂತ ಬರೆದರು. ಹೊರಗೆ ಬಂದು ಕುಣಿಯಬೇಕಾಗಿತ್ತು. ಗೇಟಿನ ಹತ್ತಿರ ನೀರು ಕುಡಿದು ಮನೆಗೆ ಹೋದೆ.

ತರಬೇತಿ ಮುಗಿಸಿ ಬಂದ ಮೇಲೆ ಖಾಕಿ ಹಾಕಿಕೊಂಡು, ಒಂದು ಡಬ್ಬಿ ಪೇಡ ಹಿಡಿದು ಮೊದಲು ಹೋದದ್ದು ಭಟ್ಟಿಗೆ. ಓಬಳಮ್ಮ ಬಾಗಿಲಲ್ಲೇ ಇದ್ದಳು. ನನ್ನನ್ನು ಕಂಡವಳೇ ಎದ್ದು ನಿಂತು ಸೆರಗು ಹೊದ್ದುಕೊಂಡಳು. "ಯಾರಪ್ಪಾ? ಪೊಲೀಸ್ನೋರು ಯಾಕೆ ಬಂದ್ರಿ? ನಾನೇನೂ ಮಾಡಿಲ್ಲಪ್ಪಾ," ಅಂದಳು. ನಾನು ಹೊನ್ನೂರ ಅಂದೆ. ಯಾವ ಹೊನ್ನೂರ ಅಂದಳು. ದಾಖಲೆ ಹೋದರೆ ಅದರ ಜೊತೆಗೆ ನಾನೂ ಹೋಗ್ತೀನಿ ಅಂತ ನನಗೆ ಯಾರೂ ಹೇಳಿರಲಿಲ್ಲ. ಸೌದೆ ಒಡೆದುಕೊಟ್ಟದ್ದು, ಎಣ್ಣೆ ಹಚ್ಚಿದ್ದು, ಬೈದದ್ದು, ಎಲ್ಲ ಹೋಗಿತ್ತು. ಪೇಡದ ಡಬ್ಬಿ ಕೊಟ್ಟರೆ ಹೆದರಿ ತಗೊಳ್ಳಲಿಲ್ಲ. ಕಟ್ಟೆಯ ಮೇಲಿಟ್ಟು ಬಂದೆ. ನಾಲ್ಕು ವರ್ಷ ಬದುಕಿದ್ದಳು. ಆ ನಾಲ್ಕು ವರ್ಷವೂ ನನ್ನನ್ನು ಕಂಡರೆ ಪಕ್ಕಕ್ಕೆ ಸರಿದು ದಾರಿ ಬಿಡ್ತಿದ್ದಳು.

ನಾನು ಕೆಟ್ಟ ಪೊಲೀಸ್ ಆಗಲಿಲ್ಲ. ಅದನ್ನು ನಾನೇ ಹೇಳಿಕೊಳ್ಳಬಾರದು, ಆದರೂ ಹೇಳ್ತೀನಿ. ಜಾರುಬೀದಿಯಲ್ಲಿ ಈಗ ಯಾವ ಹುಡುಗನೂ ಒಂದು ನಿಂಬೆಹಣ್ಣು ಕೂಡ ಉರುಳಿಸೋದಿಲ್ಲ. ಸಿಕ್ಕಿಬಿದ್ದ ಮಕ್ಕಳ ಜೊತೆ ಕೂತು ಊಟ ಮಾಡ್ತೀನಿ. ಹದಿನೆಂಟು ತುಂಬಿದವರನ್ನು ನಾನೇ ಬೆನ್ನು ಹತ್ತಿ, ಹೋಗ್ರೋ, ಕೇಳಿಸ್ಕೊಳ್ಳ್ರೋ ಅಂತ ಅಟ್ಟುತ್ತೀನಿ. ಕಾನ್‌ಸ್ಟೆಬಲ್ ಆಗಿ ಸೇರಿದವನು ಹತ್ತೊಂಬತ್ತು ವರ್ಷಕ್ಕೆ ಅದೇ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಆದೆ. ಬೇವಿನ ಮರದ ಕೆಳಗಿನ ಜಂಬಣ್ಣನ ತಲೆ ಬೆಳ್ಳಗಾಯಿತು. "ಏನೋ ಹೊನ್ನೂರ" ಅಂತಿದ್ದವನು "ಸಾರ್" ಅನ್ನೋಕೆ ಶುರುಮಾಡಿದ. ಬೇಡ ಅಂದರೂ ಕೇಳಲಿಲ್ಲ. ನನಗೂ ಅವನನ್ನು ಏಕವಚನದಲ್ಲಿ ಕರೆಯೋಕೆ ಬಾಯಿ ಬರಲಿಲ್ಲ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಮಂಗಳವಾರ ಜಂಬಣ್ಣ ಊರುಗೋಲು ಊರಿಕೊಂಡು ಠಾಣೆಯ ಒಳಗೇ ಬಂದರು. ಅಷ್ಟು ವರ್ಷ ಎದುರಿಗಿದ್ದರೂ ಒಳಗೆ ಬಂದವರಲ್ಲ. ಮಗಳು ಹಂಪಮ್ಮನಿಗೆ ಬೇರೆ ಊರಿನ ಸಂಬಂಧ ಬಂದಿತ್ತಂತೆ. ಹುಡುಗ ಒಪ್ಪಿದ್ದಾನೆ. ಹುಡುಗನ ತಾಯಿ ಮಾತ್ರ ಜಂಬಣ್ಣನ ಕಾಲು ನೋಡಿ ರಾಗ ಎಳೆದಳಂತೆ. ಇಪ್ಪತ್ತೆರಡು ವಯಸ್ಸಿನವರೆಗೂ ನೆಟ್ಟಗಿದ್ದ ಕಾಲು ಹೀಗೆ ಸೊರಗಿದ್ದರೆ ಅದು ವಂಶದ ರೋಗ ಇರಬಹುದು, ನಾಳೆ ಮಗಳಿಗೂ ಬಂದರೆ? ಮರೆತ ಗಾಯ ಅಂದರೆ ಅವರ ಊರಿನವರಿಗೆ ತಿಳಿಯೋದಿಲ್ಲ, ಮುಚ್ಚಿಡ್ತಿದ್ದಾರೆ ಅಂದುಕೊಳ್ತಾರೆ. ಆಗ ನೋಡಿದ ಡಾಕ್ಟರೂ ಈಗಿಲ್ಲ.

"ಗುರುವಾರ ಬರ್ತಾರೆ ಸಾರ್. ನನ್ನ ಕಾಲಿನ ದಾಖಲೆ ಯಾರು ಅಂತ ರಿಜಿಸ್ಟರಿನಲ್ಲಿ ನೋಡಿ. ಆ ಹುಡುಗನ ಹೆಸರು ನನಗೆ ಬೇಡ. ರೋಗ ಅಲ್ಲ, ಪೆಟ್ಟು ಅಂತ ಆ ದಾಖಲೆಯವರು ಬಂದು ಒಂದು ಮಾತು ಹೇಳಿದ್ರೆ ಸಾಕು. ನನ್ನ ಮಗಳದ್ದು ಒಂದು ದಡ ಸೇರುತ್ತೆ," ಅಂದರು. ಅವರು ಯಾರನ್ನೂ ಏನನ್ನೂ ಕೇಳಿದವರಲ್ಲ. ಕೇಳೋಕೆ ನಾಚಿಕೆಪಟ್ಟು ಟೋಪಿಯನ್ನು ಕೈಯಲ್ಲಿ ಹಿಂಡ್ತಿದ್ದರು.

ನನಗೆ ಗೊತ್ತಿದ್ದರೂ ರಿಜಿಸ್ಟರ್ ತೆಗೆದೆ. ನನ್ನ ಹೆಸರು, ಅದರ ಮುಂದೆ ಓಬಳಮ್ಮ, ಅದರ ಮುಂದೆ ಬಿಡುಗಡೆ. ಪುಟಕ್ಕೆ ಗುಂಡುಸೂಜಿಯಲ್ಲಿ ಚುಚ್ಚಿದ್ದ ಅರ್ಜಿ, ಅವರದ್ದೇ ದುಂಡನೆಯ ಅಕ್ಷರ. ದಾಖಲೆಯವರು ಹೇಳಿದ್ದಾರೆ ಅಂತ ಒಂದು ಸುಳ್ಳು ಪ್ರಮಾಣಪತ್ರ ಬರೆದುಕೊಟ್ಟು ಕಳಿಸಿಬಿಡಬಹುದಿತ್ತು. ಸಬ್ ಇನ್‌ಸ್ಪೆಕ್ಟರರ ಸಹಿಗೆ ಯಾರು ಎದುರಾಡ್ತಾರೆ? ಆದರೆ ಆ ಕುರ್ಚಿಯಲ್ಲಿ ಕೂತು, ಆ ಮನುಷ್ಯನ ಮುಂದೆ, ಇನ್ನೊಂದು ಸಲ ತಪ್ಪಿಸಿಕೊಳ್ಳೋಕೆ ನನ್ನಿಂದ ಆಗಲಿಲ್ಲ. ಬಾಗಿಲು ಹಾಕಿದೆ. ಟೋಪಿ ತೆಗೆದು ಮೇಜಿನ ಮೇಲಿಟ್ಟೆ.

"ಆ ಹುಡುಗ ನಾನೇ, ಜಂಬಣ್ಣ," ಅಂದೆ. "ಟೈರು ಬಿಟ್ಟವನು ನಾನು. ನೀವು ಚಪ್ಪಲಿ ಸರಿಮಾಡಿಕೊಳ್ತಿದ್ದಿರಿ. ನೋಡಿದ್ದೆ. ನೋಡಿಯೂ ಬಿಟ್ಟೆ."

ಅವರು ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಬೈಯಲಿ, ಊರುಗೋಲಿನಿಂದ ಬಾರಿಸಲಿ ಅಂತ ಕಾಯ್ತಾ ನಿಂತೆ. ಅವರು ಮುಂದಕ್ಕೆ ಬಗ್ಗಿ, ಮೆಲ್ಲಗೆ, ಚಿಕ್ಕ ಮಕ್ಕಳು ಕಥೆ ಕೇಳುವ ಹಾಗೆ ಕೇಳಿದರು.

"ಆಮೇಲೆ?"

"ಆಮೇಲೆ ಅಂದ್ರೆ?"

"ನಾನು ಬಿದ್ದೆನಲ್ಲ. ಆಮೇಲೆ ನೀವೇನು ಮಾಡಿದ್ರಿ?" ಅವರು ಪಂಚೆ ಸರಿಸಿ ಮೊಣಕಾಲಿನ ಮೇಲೆ ಒಂದು ಕಪ್ಪು ಗೆರೆ ತೋರಿಸಿದರು. "ಇಲ್ಲಿ ಯಾರೋ ಬಿಗಿಯಾಗಿ ಕಟ್ಟಿದ್ರು. ಡಾಕ್ಟರಿಗೆ ಯಾರು ಕಟ್ಟಿದ್ದು ಅಂತ ಮರೆತುಹೋಗಿತ್ತು, ಕಟ್ಟದೇ ಇದ್ದಿದ್ರೆ ರಕ್ತ ಹೋಗಿ ಅಲ್ಲೇ ಸತ್ತಿರ್ತಿದ್ದೆ ಅನ್ನೋದು ಮಾತ್ರ ಗೊತ್ತಿತ್ತು. ಸಾಯೋವರೆಗೂ ಹೇಳ್ತಿದ್ರು. ಕಟ್ಟಿದ್ದು ಒಂದು ಸ್ಕೂಲ್ ಹುಡುಗರ ಬೆಲ್ಟು ಸಾರ್. ಹಿತ್ತಾಳೆ ಕೊಂಡಿದು. ನಮ್ಮನೇಲಿ ಈಗಲೂ ಇದೆ. ನನ್ನ ಹೆಂಡತಿ ದೇವರ ಗೂಡಿನಲ್ಲಿ ಇಟ್ಟಿದ್ದಾಳೆ. ಮೂವತ್ತು ವರ್ಷದಿಂದ ನಾನು ಆ ಮಗುಗೆ ಕೈ ಮುಗೀತಿದ್ದೀನಿ. ಅದು ನಿಮ್ಮದಾ?"

ಅವತ್ತು ನಾವು ನಾಲ್ಕು ಜನ ಇದ್ದೆವು. ನಾಲ್ಕೂ ಜನರ ಸೊಂಟದಲ್ಲಿ ಅದೇ ಬೆಲ್ಟು, ಅದೇ ಹಿತ್ತಾಳೆ ಕೊಂಡಿ. ನಾನು ಓಡಿಬಂದು ಕಟ್ಟಿದೆನೋ, ಉಳಿದವರಲ್ಲಿ ಯಾರಾದರೂ ಕಟ್ಟುವಾಗ ನಾನು ಮೇಲೆ ನಿಂತು ನೋಡ್ತಿದ್ದೆನೋ. ಉಳಿದ ಮೂವರಿಗೆ ಒಂದು ಚೂರೂ ನೆನಪಿಲ್ಲ. ಡಾಕ್ಟರಿಗೆ ಇರಲಿಲ್ಲ. ಇದ್ದದ್ದು ಒಬ್ಬಳಿಗೆ. ಬಾಗಿಲು ಮುಂದಕ್ಕೆ ಹಾಕಿ ಹೇಳ್ತೀನಿ ಕೂತ್ಕೋ ಅಂದವಳಿಗೆ.

ಹೌದು, ನನ್ನದೇ ಅಂದುಬಿಡಬಹುದಿತ್ತು. ಆ ಮನುಷ್ಯ ಅದನ್ನೇ ಬೇಡ್ತಿದ್ದರು, ಕಣ್ಣಲ್ಲಿ ಕಾಣ್ತಿತ್ತು. ಇಲ್ಲ ಅಂದಿದ್ದರೂ ಒಂದು ಮರ್ಯಾದೆ ಇರ್ತಿತ್ತು. ಎರಡೂ ನನ್ನ ಬಾಯಲ್ಲಿ ಸುಳ್ಳಾಗ್ತಿತ್ತು.

"ಗೊತ್ತಿಲ್ಲ," ಅಂದೆ.

"ಗೊತ್ತಿಲ್ಲ ಅಂದ್ರೆ ಹೇಗೆ ಸಾರ್? ಗೊತ್ತಿರೋರು ಒಬ್ಬರಾದ್ರೂ ಇರಬೇಕಲ್ಲ."

"ಇದ್ದರು. ಹೇಳ್ತೀನಿ ಅಂದ್ರು. ನಾನು ಕೇಳಲಿಲ್ಲ."

ಜಂಬಣ್ಣ ಪಂಚೆ ಸರಿಮಾಡಿಕೊಂಡರು. ಕೋಪ ಅವರ ಮುಖಕ್ಕೆ ಬಂತು, ಹೋಯಿತು, ಮತ್ತೆ ಬಂತು. "ಅಯ್ಯೋ ಹೊನ್ನೂರಾ," ಅಂದರು. ಸಾರ್ ಅನ್ನಲಿಲ್ಲ. "ಕಟ್ಟಿದವನು ನೀನೇ ಆಗಿದ್ರೆ ನಿನ್ನ ತಬ್ಬಿಕೊಂಡು ಅತ್ತುಬಿಡ್ತಿದ್ದೆ. ಓಡಿಹೋಗಿದ್ರೆ ಮುಖಕ್ಕೆ ಉಗಿದು ಹೋಗ್ತಿದ್ದೆ. ಈಗ ನಾನು ಏನು ಮಾಡ್ಲಿ ಹೇಳು?"

ಪ್ರಮಾಣಪತ್ರವನ್ನು ಅವರೇ ಬರೆದರು. ನನ್ನ ಅಕ್ಷರ ಯಾರಿಗೂ ಓದೋಕಾಗಲ್ಲ ಅಂದರು. ಟೈರು ಬಿಟ್ಟವನ ಹೆಸರು ಬರೆದರು, ಕಾಲು ಮುರಿದದ್ದು ಬರೆದರು. ಪೆನ್ನು ಎತ್ತಿ ಹಿಡಿದು ಸ್ವಲ್ಪ ಹೊತ್ತು ಕಾದರು. ನಾನು ಅಲ್ಲಿಗೇ ನಿಲ್ಲಿಸಿಬಿಡಿ ಅಂದೆ. ಸಹಿ ಹಾಕಿದೆ. ಗುರುವಾರ ಬಂದವರಿಗೆ ಅಷ್ಟು ಸಾಕಾಯಿತು. ಹಂಪಮ್ಮನ ಮದುವೆ ಆಗಿಹೋಯಿತು, ಈಗ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ. ಮೇಲಿನ ಕಚೇರಿಗೆ ನನ್ನ ತಪ್ಪು ನಾನೇ ಬರೆದು ಕಳಿಸಿದೆ. ದಾಖಲೆ ಇಲ್ಲದ ತಪ್ಪಿಗೆ ಕ್ರಮವಿಲ್ಲ ಅಂತ ಒಂದೇ ಸಾಲಿನಲ್ಲಿ ವಾಪಸ್ ಬಂತು.

ನಾನು ಹೇಳಿದ್ದಕ್ಕೆ ವಿಚಾರಣೆ ಇರಲಿಲ್ಲ, ಚೀಟಿ ಎತ್ತಲಿಲ್ಲ, ಹಾಗಾಗಿ ಈ ಸಲ ಯಾರೂ ಮರೆತಿಲ್ಲ. ಜಂಬಣ್ಣ ಈಗಲೂ ಅಲ್ಲೇ ಮೇಜು ಹಾಕಿಕೊಂಡು ಕೂರ್ತಾರೆ. ನನ್ನ ಮೇಲೆ ದ್ವೇಷ ಇಟ್ಟುಕೊಂಡಿಲ್ಲ, ಇಟ್ಟುಕೊಂಡಿದ್ದರೆ ಎಷ್ಟೋ ಚೆನ್ನಾಗಿರ್ತಿತ್ತು. ದಿನಾ ಬೆಳಿಗ್ಗೆ ನಾನು ಜೀಪಿನಿಂದ ಇಳಿಯುವ ಹೊತ್ತಿಗೆ ಬರೆಯೋದು ನಿಲ್ಲಿಸಿ, ಕನ್ನಡಕ ಹಣೆಗೇರಿಸಿ, ಇವತ್ತಾದರೂ ಹೇಳಿಯಾನು ಅಂತ ಆಸೆಯಿಂದ ನನ್ನ ಕಡೆ ನೋಡ್ತಾರೆ.

"ನೆನಪಾಯ್ತೇನೋ ಹೊನ್ನೂರ?"

"ಇಲ್ಲ ಜಂಬಣ್ಣ," ಅಂತೀನಿ, ಒಳಗೆ ಹೋಗ್ತೀನಿ.